ಗಿಟಾರಿನ ಪದ್ಯದ ಅಡಿಯಲ್ಲಿ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಮೊದಲು ಅಂಗಡಿಯ ಹೆಸರು ಕೆಡುತ್ತದೆಂದು, ಅಂಗಡಿ ಮುಚ್ಚಿದ ಮೇಲೆ ನನ್ನ ಹೆಸರು ಕೆಡುತ್ತದೆಂದು. ಒಬ್ಬ ತಾಯಿ ತನ್ನ ಮಗನಿಗಾಗಿ ಆಡಿದ ಮಾತನ್ನು ನಾನು ಅಳಿಸಿಹಾಕಿದೆ. ಅವನು ಬಂದು ಕೇಳಿದಾಗ ಸುಳ್ಳು ಹೇಳಿದೆ.

ತೊಂಬತ್ತರ ದಶಕದಲ್ಲಿ ಬಂಟ್ವಾಳ ಪೇಟೆಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಯಕ್ಷಗಾನ, ಸಿನಿಮಾ ಹಾಡು, ಗಿರಾಕಿ ಕೇಳಿದ್ದನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುವುದು ಕೆಲಸ. ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಬರೆಯಲು ಬಾರದ ಹೆಂಗಸರು ಹಿಂದಿನ ಕೋಣೆಯಲ್ಲಿ ಕೂತು ಗಲ್ಫಿನಲ್ಲಿರುವ ಗಂಡನಿಗೋ ಮಗನಿಗೋ ಹೇಳಬೇಕಾದದ್ದನ್ನು ಮೈಕಿಗೆ ಹೇಳುತ್ತಿದ್ದರು. ನಾನು ರೆಕಾರ್ಡ್ ಮಾಡಿ ಇಡುತ್ತಿದ್ದೆ. ಊರಿನಿಂದ ಯಾರಾದರೂ ಹೊರಟಾಗ ಅವರ ಪೆಟ್ಟಿಗೆಯಲ್ಲಿ ಆ ಕ್ಯಾಸೆಟ್ಟು ಹೋಗುತ್ತಿತ್ತು.

ಹಾಗೆ ಬಂದವರು ನಮ್ಮ ಪೇಟೆಯ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು. ಅವರ ಒಬ್ಬನೇ ಮಗ ತನಗಿಷ್ಟವಾದ ಹುಡುಗಿಯನ್ನು ಮದುವೆಯಾಗಿ ಗಲ್ಫಿಗೆ ಹೋಗಿದ್ದ. ಅವನೊಂದಿಗೆ ಮಾತಾಡುವುದಿಲ್ಲವೆಂದು ಆಣೆ ಹಾಕಿದ್ದವರು ಅವರು. ಅವರ ಭಾಷೆಯಲ್ಲಿ ಉಮ್ಮ ಎಂದರೆ ಅಮ್ಮ, ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ.

“ಈ ಡಬ್ಬಿಯ ಮುಖ ನೋಡಿ ಮಾತಾಡುವುದಾ?”

“ಹೌದು ಉಮ್ಮ. ಮಗ ಎದುರು ಕೂತಿದ್ದಾನೆ ಅಂತ ಗ್ರಹಿಸಿ.”

“ಅವನು ಎದುರು ಕೂತರೆ ಮಾತಾಡ್ತೇನಾ ನಾನು? ಎರಡು ಬಾರಿಸ್ತೇನೆ.”

ನಕ್ಕರು. ಆಮೇಲೆ ಬ್ಯಾರಿ ಭಾಷೆಯಲ್ಲಿ ಮಾತಾಡಿದರು. ಸಿಟ್ಟು ಹೋಗಿದೆ, ನೀನು ಬಾ, ಅವಳನ್ನೂ ಕರೆದುಕೊಂಡು ಬಾ. ನಡುನಡುವೆ ‘ಮೋನೆ’ ಎಂದು ಮಗನನ್ನು ಕರೆಯುತ್ತಿದ್ದರು. ಆ ಭಾಷೆ ನನಗೆ ಅರ್ಥವಾಗುತ್ತದೆ.

ಕ್ಯಾಸೆಟ್ಟು ಒಯ್ಯಬೇಕಾದವನ ಪ್ರಯಾಣ ಮುಂದೆ ಹೋಯಿತು. ಅದು ನನ್ನ ಡ್ರಾಯರಿನಲ್ಲಿ ಉಳಿಯಿತು. ಅಷ್ಟರಲ್ಲಿ ಮೂಡುಬಿದಿರೆಯ ಕಾಲೇಜು ಹುಡುಗರು ಯಾರಿಂದಲೋ ಒಂದು ಇಂಗ್ಲಿಷ್ ಬ್ಯಾಂಡಿನ ಮೊದಲ ಕ್ಯಾಸೆಟ್ಟು ಎರವಲು ತಂದರು. ಒಂದೊಂದು ಪದ್ಯವೂ (ನಮ್ಮ ಕಡೆ ಹಾಡಿಗೂ ಪದ್ಯವೆಂದೇ ಹೇಳುವುದು) ಯಕ್ಷಗಾನದ ಪ್ರಸಂಗದಷ್ಟು ಉದ್ದ, ನಡುನಡುವೆ ತಾಳ ಬದಲಾಗುವ ಸಂಗೀತ. ಸಂಜೆಯೊಳಗೆ ಅದನ್ನು ಹಿಂದೆ ಕೊಡಬೇಕಿತ್ತು. ಮುಂದೆ ಎಲ್ಲರಿಗೂ ಪ್ರತಿ ತೆಗೆಯಲು ನನ್ನಲ್ಲೊಂದು ಮಾಸ್ಟರ್, ಅಂದರೆ ಮೂಲಪ್ರತಿ, ಬೇಕು. ಖಾಲಿ ಕ್ಯಾಸೆಟ್ಟು ಮುಗಿದಿತ್ತು. ಉಮ್ಮ ಇನ್ನೊಮ್ಮೆ ಮಾತಾಡಿದರಾಯಿತು ಎಂದುಕೊಂಡು ಅವರ ಮಾತಿನ ಮೇಲೆಯೇ ಬ್ಯಾಂಡನ್ನು ತುಂಬಿಸಿದೆ.

ಉಮ್ಮನಿಗೆ ಹೇಳಿ ಕಳಿಸಬೇಕೆಂದಿರುವಾಗಲೇ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಸ್ವಲ್ಪ ಸಮಯದಲ್ಲೇ ತೀರಿಕೊಂಡರು. ಮಗ ಬಂದು ತಲುಪುವಾಗ ದಫನ ಮುಗಿದಿತ್ತು. ಅವನು ಅಂಗಡಿಗೆ ಬಂದ.

“ಉಮ್ಮ ಇಲ್ಲಿಗೆ ಬಂದಿದ್ರಂತೆ, ಹೌದಾ?”

“ಬಂದಿದ್ರು. ಎಂತದೂ ಮಾತಾಡ್ಲಿಲ್ಲ. ಕೂತು ಹಾಗೇ ಹೋದರು.”

ಅವನು ತಲೆ ಆಡಿಸಿ ಇಳಿದು ಹೋದ.

ಮಾಸ್ಟರಿನಿಂದ ಪ್ರತಿಗಳನ್ನು ತೆಗೆಯುತ್ತಲೇ ಇದ್ದೆ. ರೆಕಾರ್ಡ್ ಮಾಡುವ ಡೆಕ್ಕನ್ನು ಜೋರು ವೇಗದಲ್ಲಿ ಓಡಿಸುತ್ತಿದ್ದುದರಿಂದ ಏನು ಹೋಗುತ್ತಿದೆಯೆಂದು ಕೇಳುತ್ತಿರಲಿಲ್ಲ. ಹಳೆಯ ಶಬ್ದವನ್ನು ಅಳಿಸುವ ಹೆಡ್ಡು ಸವೆದಿದೆ ಎಂದು ಗೊತ್ತಿತ್ತು. ರಿಪೇರಿ ಮಾಡಿಸಿರಲಿಲ್ಲ.

ಎರಡು ಸಾವಿರ ಇಸವಿ ದಾಟಿದ ಮೇಲೆ ಕ್ಯಾಸೆಟ್ಟಿನ ಕಾಲ ಮುಗಿಯಿತು. ಆ ಹುಡುಗರಲ್ಲೊಬ್ಬ ಮೂಡುಬಿದಿರೆಯಲ್ಲೇ ಕಾಲೇಜಿನ ಮೇಷ್ಟ್ರಾಗಿದ್ದ. ಒಂದು ಭಾನುವಾರ ಬಂದು ನನ್ನನ್ನು ತನ್ನ ಮನೆಗೆ ಕರೆದೊಯ್ದ. ಅಲ್ಲಿ ಬೆಳ್ತಂಗಡಿಯ ಅವನ ಹಳೆಯ ದೋಸ್ತಿಯೂ ಇದ್ದ, ಬ್ಯಾರಿ ಮನೆತನದವ. ಬ್ಯಾಂಡಿನ ಆ ಮೊದಲ ಕ್ಯಾಸೆಟ್ಟಿನಲ್ಲಿ ಒಂದು ಸಣ್ಣ ಪದ್ಯ ಇತ್ತು. ಡ್ರಮ್ಮಿಲ್ಲ, ಕರೆಂಟಿನ ವಾದ್ಯವಿಲ್ಲ, ಬರೀ ಮರದ ಗಿಟಾರು.

“ಆಗ ಇದು ಬಂದ ಕೂಡಲೇ ಮುಂದೆ ಓಡಿಸ್ತಿದ್ದೆವು,” ಎಂದ ಮೇಷ್ಟ್ರು. “ಮಗು ಮಲಗಿಸುವ ಪದ್ಯ ಅಂತ ತಮಾಷೆ ಮಾಡ್ತಿದ್ದೆವು. ಈಗ ಕೇಳಿದರೆ ಇವರು ಆಮೇಲೆ ಮಾಡಿದ ಎಲ್ಲ ದೊಡ್ಡ ಪದ್ಯಗಳ ಬೀಜ ಇದರಲ್ಲೇ ಉಂಟು.”

“ಈಗ ಇದೇ ಅವನಿಗೆ ದೇವರು,” ಎಂದ ದೋಸ್ತಿ. “ಹೆಂಡತಿಗೂ ಇಷ್ಟು ಕಿವಿ ಕೊಡುವುದಿಲ್ಲ ಮಾರಾಯ.”

“ನೀನು ಸುಮ್ಮನಿರು. ಒಂದು ವಿಚಿತ್ರ ಕೇಳಿ. ಮಂಗಳೂರಿನಿಂದ ಸೀಡಿ ತಂದೆ. ಅದರಲ್ಲಿ ಈ ಪದ್ಯಕ್ಕೆ ಜೀವವೇ ಇಲ್ಲ. ನಿಮ್ಮ ಅಂಗಡಿಯ ಪ್ರತಿಯಲ್ಲಿ ಅಡಿಯಲ್ಲಿ ಇನ್ನೊಂದು ದನಿ ಉಂಟು. ನಮ್ಮೆಲ್ಲರ ಕ್ಯಾಸೆಟ್ಟಿನಲ್ಲಿಯೂ ಉಂಟು.”

ಹೊರಗಿನ ಬಸ್ಸಿನ ಸದ್ದು ಬಾರದಂತೆ ಕಿಟಕಿ ಹಾಕಿದ. ಮಧ್ಯಾಹ್ನವಾದರೂ ಕೋಣೆ ಮಸುಕಾಯಿತು. ಗಿಟಾರಿನ ತಂತಿ ಒಂದೊಂದಾಗಿ ನುಡಿಯಿತು. ತಂತಿ ನಿಂತಲ್ಲಿ ಯಾರೋ ಉಸಿರು ಎಳೆದುಕೊಂಡರು. ಬಾವಿಯ ತಳದಿಂದ ಬಂದಂತೆ ಒಂದು ಹೆಣ್ಣು ದನಿ. ಗಿಟಾರು ಮತ್ತೆ ಸುರುವಾದಾಗ ಅದು ಕೆಳಗೆ ಹೋಯಿತು. ಮತ್ತೆ ಬಿಡುವು ಸಿಕ್ಕಾಗ ಮೇಲೆ ಬಂತು. ಜೋರಿನ ಪದ್ಯಗಳ ಅಡಿಯಲ್ಲಿ ಇಷ್ಟು ವರ್ಷ ಮುಚ್ಚಿಹೋದದ್ದು ಈ ಮೆಲುವಾದ ಪದ್ಯದಲ್ಲಿ ಉಳಿದುಕೊಂಡಿತ್ತು. ನನ್ನ ಸವೆದ ಹೆಡ್ಡು ಉಮ್ಮನ ಮಾತನ್ನು ಪೂರ್ತಿ ಅಳಿಸಿರಲಿಲ್ಲ.

ದೋಸ್ತಿಯ ಮುಖದಲ್ಲಿ ತಮಾಷೆ ಇರಲಿಲ್ಲ. “ನಾನು ಇವನಿಗೆ ಹೇಳಿದ್ದೇನೆ, ಇದು ಇಂಗ್ಲಿಷಲ್ಲ, ನಮ್ಮ ಭಾಷೆ ಅಂತ. ‘ಮೋನೆ, ಬಾ’ ಅಂತ ಕೇಳ್ತದೆ. ರಾತ್ರಿ ನನ್ನ ಮನೆಯಲ್ಲಿ ಇದನ್ನು ಹಾಕುವುದಿಲ್ಲ. ಒಮ್ಮೆ ನನ್ನ ಉಮ್ಮ ಒಳಗಿನಿಂದ ಕೇಳಿದರು, ಯಾರು ಬಂದದ್ದು ಅಂತ.”

“ಯಾವ ಮಾಸ್ಟರಿನಿಂದ ತೆಗೆದದ್ದು ನೀವು?” ಮೇಷ್ಟ್ರು ಕೇಳಿದ.

“ನೆನಪಿಲ್ಲ,” ಎಂದೆ. ಅಲ್ಲಿಗೆ ಎರಡನೆಯ ಸುಳ್ಳು. ನನ್ನ ಮಾಸ್ಟರು ಅಂಗಡಿಯೊಂದಿಗೇ ಹೋಗಿತ್ತು, ಹಾಗಾಗಿ ಒಂದು ಪ್ರತಿ ಬೇಡಿ ತಂದೆ.

ಉಮ್ಮನ ಮಗ ಗಲ್ಫು ಬಿಟ್ಟು ಬಂದು ಹೆಂಡತಿಯ ಊರು ಕಕ್ಕಿಂಜೆಯಲ್ಲಿ ದಿನಸಿ ಅಂಗಡಿ ಹಾಕಿದ್ದಾನೆಂದು ಕೇಳಿದ್ದೆ. ಕ್ಯಾಸೆಟ್ಟನ್ನು ಅಂಗಿಯ ಕಿಸೆಯಲ್ಲಿಟ್ಟು ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಹೋದೆ. ಅವನು ಗುರುತು ಹಿಡಿದ.

“ಎಲ್ಲಿಗೆ ಬಂದದ್ದು?”

“ಹೀಗೇ, ಚಾರ್ಮಾಡಿ ಕಡೆಗೆ.”

“ಕೂತ್ಕೊಳ್ಳಿ. ಚಾ ಕುಡಿಯುವ.”

ಚಾ ತಂದುಕೊಟ್ಟದ್ದು ಅವನ ಹೆಂಡತಿ. ಆಕೆ ಒಳಗೆ ಹೋದ ಮೇಲೆ ಅವನು ಮಾತು ತೆಗೆದ.

“ನಿಮ್ಮನ್ನು ನೋಡುವಾಗ ಉಮ್ಮನ ನೆನಪಾಗ್ತದೆ. ನಿಮ್ಮಲ್ಲಿಗೆ ಬಂದೂ ಬಾಯಿ ಬಿಡ್ಲಿಲ್ಲ ಅಲ್ವಾ. ಬೈದು ಕಳಿಸಿದ್ರೂ ಸಾಕಿತ್ತು.” ಆಮೇಲೆ ದನಿ ತಗ್ಗಿಸಿ ಹೇಳಿದ: “ಉಮ್ಮ ಮಾತು ಬಿಟ್ಟದ್ದು ತನ್ನಿಂದಾಗಿ ಅಂತ ಇವಳು ಈಗಲೂ ಒಮ್ಮೊಮ್ಮೆ ಅಳ್ತಾಳೆ.”

ಕಿಸೆಗೆ ಕೈ ಹಾಕಿದೆ. ಕ್ಯಾಸೆಟ್ಟು ಮೈಯ ಬಿಸಿಗೆ ಬೆಚ್ಚಗಾಗಿತ್ತು. ಅದನ್ನು ಕೊಟ್ಟರೆ ಇಷ್ಟು ವರ್ಷದ ಅಳುವಿಗೆ ನಾನೇ ಕಾರಣವೆಂದು ಅವನಿಗೆ ತಿಳಿಯುತ್ತದೆ. ಚಾ ಮುಗಿಸಿ, ಸೋಪು ಕೊಂಡು, ಬಸ್ಸು ಹತ್ತಿದೆ.

ಮೂಡುಬಿದಿರೆಯಲ್ಲಿ, ಬೆಳ್ತಂಗಡಿಯಲ್ಲಿ, ನನಗೆ ಗೊತ್ತಿಲ್ಲದ ಎಷ್ಟೋ ಮನೆಗಳಲ್ಲಿ ಆ ಉಮ್ಮ ಕರೆಯುತ್ತಲೇ ಇದ್ದಾರೆ. ಯಾರ್ಯಾರೋ ಕಿವಿಗೊಟ್ಟು ಕೇಳುತ್ತಾರೆ, ಚೆಂದವೆನ್ನುತ್ತಾರೆ, ಹೆದರುತ್ತಾರೆ. ಕರೆದದ್ದು ಯಾರನ್ನೋ ಅವನೊಬ್ಬನೇ ಕೇಳಿಲ್ಲ: ಕಕ್ಕಿಂಜೆಯ ದಿನಸಿ ಅಂಗಡಿಯವನು, ಅವರ ಒಬ್ಬನೇ ಮಗ, ಯಾರಿಗೆ ನಾನು ಈವರೆಗೆ ತಪ್ಪಾಯಿತೆಂದು ಹೇಳಿಲ್ಲವೋ ಅವನು.