ಓಕ್ಲಹೋಮಾ ಬರ್ಗರಿನ ಪಕ್ಕ ನಮ್ಮೂರ ಉಳ್ಳಾಗಡ್ಡಿ

ಸುಳ್ಳು ಅನ್ನೋರು ಈಗಲೇ ಎದ್ದು ಹೋಗ್ರಿ: ಅಮೆರಿಕದ ಕ್ಯಾಂಪ್‌ಬೆಲ್ ಊರಿನ ಬರ್ಗರ್ ಅಂಗಡಿಗೆ ಉಳ್ಳಾಗಡ್ಡಿ ತಿನ್ನೋದು ಕಲಿಸಿದವನು ನಾನು. ಅಲ್ಲಿ ಒಂದೊಂದು ರಾಜ್ಯದ ರುಚಿಗೆ ಒಂದೊಂದು ಬರ್ಗರು. ನ್ಯೂ ಮೆಕ್ಸಿಕೋದ್ದಕ್ಕೆ ಸುಟ್ಟ ಹಸಿಮೆಣಸಿನಕಾಯಿ, ಓಕ್ಲಹೋಮಾದ್ದಕ್ಕೆ ತೆಳ್ಳಗೆ ಹೆಚ್ಚಿ ಹುರಿದ ಉಳ್ಳಾಗಡ್ಡಿ.

“ಇದೂ ಒಂದು ಉಳ್ಳಾಗಡ್ಡಿ ಏನ್ರಿ ಮೇಡಂ? ಒಂದು ಇಡೀದು ಕೊಡ್ರಿ” ಎಂದು ಮಾಲಕಿಯಿಂದ ಇಸಿದುಕೊಂಡು, ನಮ್ಮೂರಲ್ಲಿ ರೊಟ್ಟಿ ಊಟಕ್ಕೆ ಗುದ್ದುವ ಹಾಗೆ ಕೌಂಟರಿನ ಮೇಲೆ ಒಂದೇ ಗುದ್ದಿಗೆ ಒಡೆದೆ. “ಇದನ್ನ ನಮ್ಮೂರ ಹೆಸರಲ್ಲಿ ಮೆನು ಬೋರ್ಡಿಗೆ ಹಾಕ್ರಿ.”

ಆಕೆ ಕನ್ನಡಕಕ್ಕೆ ಸಿಡಿದ ರಸ ಒರೆಸಿಕೊಂಡು ಒಂದು ಚೂರು ಅಗಿದಳು. “ರುಚಿಯಿದೆ, ಬರೀತೀನಿ. ಆದರೆ ಇಲ್ಲಿ ಬರಿಗೈಯಲ್ಲಿ ಗುದ್ದುವಂತಿಲ್ಲ. ಹೀಗೆ ಒಡೆಯೋಕೆ ಬೇರೆ ಯಾರಿಗೆ ಬರುತ್ತೆ?”

“ಇಡೀ ಅಮೆರಿಕದಾಗ ನನ್ನೊಬ್ಬಂಗ” ಎಂದೆ.

ಕೊನೆಗೆ ಆಕೆ ನನಗೆ ಕೊಟ್ಟದ್ದು ಒಂದು ಜೊತೆ ಪ್ಲಾಸ್ಟಿಕ್ ಗ್ಲೌಸು, ಒಂದು ಚೀಲ ಉಳ್ಳಾಗಡ್ಡಿ.