ಗೇಣು ದೂರದಲ್ಲಿ ನಿಂತ ಕೈ

ನನ್ನ ಅಣ್ಣ ವುಬ್ಬೊ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ. ಚಕ್ರದ ಮೇಲೆ ಬೆರಳಾಡಿಸಿಯೇ ಎಲ್ಲಿ ಸೊಟ್ಟಗಿದೆ ಎಂದು ಹೇಳಬಲ್ಲ. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಬಾಯಿ ಸತ್ತವನು.

ಹೋದ ಚಳಿಗಾಲದಲ್ಲಿ ಅವನ ಹೆಂಡತಿ ಅಲೀಡಾಳಿಗೆ ಕ್ಯಾನ್ಸರ್ ಎಂದು ಒಂದು ಸ್ತನ ತೆಗೆದರು. ಗಂಡಹೆಂಡತಿ ನಮಗೆಲ್ಲ ಪಿತ್ತಕೋಶದ ಆಪರೇಷನ್ ಎಂದು ಹೇಳಿದ್ದರು. ಅತ್ತಿಗೆಗೆ ಯಾರ ಕನಿಕರವೂ ಬೇಕಿರಲಿಲ್ಲ. ಗಂಡ ಮೊದಲಿನ ಹಾಗೆ ಹತ್ತಿರ ಬಂದರೆ ಸಾಕಿತ್ತು. ಈ ಮಹಾರಾಯ ಮಂಚದ ಅಂಚಿಗೆ ಸರಿದು, ಬೆನ್ನು ತಿರುಗಿಸಿ ಮಲಗಲು ಶುರುಮಾಡಿದ್ದ.

ನಮ್ಮಲ್ಲಿ ಮದುವೆಯಾಗಿ ಹನ್ನೆರಡೂವರೆ ವರ್ಷ ತುಂಬಿದರೆ ‘ತಾಮ್ರದ ಮದುವೆ’. ಇಪ್ಪತ್ತೈದರವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಅವತ್ತು ನೆಂಟರೆಲ್ಲ ಸೇರಿ ಹಾಡು ಕಟ್ಟಿ, ಆಟ ಕಟ್ಟಿ ಗಂಡಹೆಂಡಿರ ಮಾನ ಕಳೆಯಬೇಕು, ಅವರು ನಗುತ್ತಾ ಕೂತಿರಬೇಕು. ಮುಖ ಸಿಂಡರಿಸಿದರೆ ಜನ್ಮವಿಡೀ ಆಡಿಕೊಳ್ಳುತ್ತಾರೆ.

ಇವರ ತಾಮ್ರದ ಮದುವೆಗೆ ನಮ್ಮ ತಮ್ಮ ಸಿಬ್ರಾಂಡ್ ಬಾಗಿಲಿನಷ್ಟು ದೊಡ್ಡ ಚೌಕಟ್ಟು ಮಾಡಿ, ಚಿನ್ನದ ಬಣ್ಣ ಬಳಿದು ತಂದಿದ್ದ. ರೆಂಬ್ರಾಂಟ್ ಬರೆದ ‘ಯಹೂದಿ ವಧು’ ಚಿತ್ರ ಇಲ್ಲಿ ಯಾರಿಗೆ ಗೊತ್ತಿಲ್ಲ? ಚಿಕ್ಕಂದಿನಲ್ಲೇ ಸ್ಕೂಲಿನವರು ಸಾಲಾಗಿ ಕರೆದೊಯ್ದು ಅದರ ಮುಂದೆ ನಿಲ್ಲಿಸಿರುತ್ತಾರೆ. ಅದರಲ್ಲಿ ಗಂಡನ ಕೈ ಹೆಂಡತಿಯ ಎದೆಯ ಮೇಲೆ ಹಗುರವಾಗಿದೆ, ಅವಳ ಬೆರಳು ಆ ಕೈಯನ್ನು ಮುಟ್ಟಿವೆ. ಹಾಗೇ ನಿಲ್ಲಬೇಕೆಂದು ಸಿಬ್ರಾಂಡ್ ಇಬ್ಬರನ್ನೂ ಚೌಕಟ್ಟಿನೊಳಗೆ ತಳ್ಳಿದ.

"ಇಡೋ ಅಣ್ಣ ಕೈನ. ಚೈನಿನ ಎಣ್ಣೆ ಒರೆಸ್ಕೊಂಡಿದೀಯ ತಾನೆ?"

ವುಬ್ಬೊ ಕೈ ಎತ್ತಿದ. ಅವಳ ಎದೆಯಿಂದ ಗೇಣು ದೂರದಲ್ಲಿ ಅದು ನಿಂತಿತು. ಜನ ಚಪ್ಪಾಳೆ ತಟ್ಟುತ್ತಾ ಕಾದರು. ಕೈ ಕೆಳಗಿಳಿದು ಅವಳ ಮೊಣಕೈ ಹಿಡಿಯಿತು, ಟ್ರಾಮಿನಿಂದ ಮುದುಕಿಯನ್ನು ಇಳಿಸುವವರ ಹಾಗೆ.

ಎಲ್ಲರೂ ನಕ್ಕರು. ಅಲೀಡಾ ಇನ್ನೂ ಜೋರಾಗಿ ನಕ್ಕು, "ನೋಡಿ, ಇಷ್ಟು ವರ್ಷ ಆದ್ರೂ ನನ್ನ ಗಂಡಂಗೆ ನಾಚಿಕೆ ಬಿಟ್ಟಿಲ್ಲ" ಎಂದಳು. ಅವಳು ಸುಳ್ಳು ಹೇಳಿದ್ದು ತನ್ನ ಮಾನ ಉಳಿಸಲು ಎಂದು ವುಬ್ಬೊನಿಗೆ ತಿಳಿಯಿತು. ನಾಚಿಕೆಯಿಂದ ಭೂಮಿಗಿಳಿದು ಹೋದ. ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ, ಗ್ಲಾಸಿನಲ್ಲಿದ್ದ ಜಿನ್ ಹಾಗೇ ಉಳಿಯಿತು.

ಮುಂದಿನದನ್ನು ಅವನೇ ಎಷ್ಟೋ ದಿನದ ಮೇಲೆ ಅಂಗಡಿಯಲ್ಲಿ, ನನ್ನ ಕಡೆ ನೋಡದೆ, ಟ್ಯೂಬಿಗೆ ಪಂಚರ್ ಹಾಕುತ್ತಾ ಹೇಳಿದ್ದು. ಅವತ್ತು ರಾತ್ರಿ ಗಂಡಹೆಂಡತಿ ಕಾಲುವೆ ಪಕ್ಕ ನಡೆದು ಮನೆಗೆ ಹೋಗುತ್ತಿದ್ದರಂತೆ.

"ಅಷ್ಟು ಜನ ನೋಡ್ತಿದ್ರಲ್ಲ, ಅದಕ್ಕೇ..."

"ಮನೇಲಿ ಯಾರು ನೋಡ್ತಾರೆ?"

"ನಿಂಗೆ ನೋವಾಗುತ್ತೇನೋ ಅಂತ ಕಣೆ."

"ಒಂದು ಸಲನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಭಯವಿದ್ದದ್ದು ಅವಳ ನೋವಿನದೂ ಅಲ್ಲ. ಅಲ್ಲಿ ಕೈಗೆ ಏನೂ ಸಿಗದೆ ಹೋದಾಗ ತನ್ನ ಮುಖ ಹೇಗಾದೀತೋ, ಅದನ್ನು ಅವಳು ನೋಡಿಬಿಟ್ಟರೆ ಎಂಬ ಭಯ. ಅದನ್ನೂ ಅವಳಿಗೆ ಹೇಳಿಬಿಟ್ಟ.

ಮನೆಯೊಳಗೆ ಬಂದು ಕೋಟು ಬಿಚ್ಚಿದ ಮೇಲೆ, "ಈಗ ಇಡ್ಲಾ?" ಎಂದು ಕೇಳಿದನಂತೆ.

"ಇವತ್ತು ಬೇಡ" ಎಂದಳಂತೆ ಅಲೀಡಾ. "ಇವತ್ತು ಇಟ್ರೆ ಅದು ಸಿಬ್ರಾಂಡ್ ಇಡ್ಸಿದ ಕೈ."