ಅತ್ತೆಯ ಮೈಯಲ್ಲಿ ಸರೋಜಿನಿ ಕಡಿಮೆ

ಗೆಳೆಯರೇ, ನಮ್ಮ ಅತ್ತೆ ಶಾಂತಾಬಾಯಿ ಇವತ್ತು ಡಾಕ್ಟರನ್ನೇ ತಬ್ಬಿಬ್ಬು ಮಾಡಿ ಬಂದರು.

ಅವರಿಗೆ ವರ್ಷಗಳಿಂದ ಮೈಯೆಲ್ಲಾ ನೋವು. ಎಕ್ಸ್‌ರೇ, ರಕ್ತ ಎಲ್ಲವೂ ಸರಿಯಾಗಿವೆ. ಗುಲಬರ್ಗಾದಿಂದ ಸೇಡಂಗೆ ಹೊಸದಾಗಿ ಬಂದ ಡಾಕ್ಟರ್ ಮಾತ್ರ, "ನಿಮ್ಮ ನೋವು ಖರೇನೇ ಅದರಿ ಅಮ್ಮಾ. ಇದಕ್ಕ ಫೈಬ್ರೋಮಯಾಲ್ಜಿಯಾ ಅಂತಾರ. ನೋವಿನ ಗದ್ದಲ ತಗ್ಗಿಸೋ ರಸ ಒಂದು ಮಿದುಳಿನ್ಯಾಗ ಇರ್ತದ. ನಿಮ್ಮೊಳಗ ಆ ಸೆರೊಟೋನಿನ್ ಕಡಿಮಿ ಆಗಿರಬಹುದು" ಎಂದರು.

ಅತ್ತೆಯ ಕಣ್ಣು ಅರಳಿತು. "ಹೌದ್ರಿ! ಸರೋಜಿನಿ ಭಾಳ ಕಡಿಮಿ ಆಗ್ಯಾಳ. ಆಕಿ ವಾಡಿಗೆ ಹೋದ ಮ್ಯಾಲ ನನ್ನ ಜೋಡಿ ಮಾತಾಡೋರು ಯಾರದಾರ? ಆದ್ರ ಇದು ನಿಮಗ್ಯಾರು ಹೇಳಿದ್ರು?"

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡು, ಸರೋಜಿನಿ ಮೊದಲು ನಮ್ಮ ಪಕ್ಕದ ಮನೆಯಲ್ಲಿದ್ದವರು ಎಂದೆ. ಡಾಕ್ಟರ್ ಗುಳಿಗೆ ಬರೆದುಕೊಟ್ಟು, "ಇದನ್ನೂ ತಗೋರಿ, ಆಕಿನ್ನೂ ನೋಡಿ ಬರ್ರಿ" ಎಂದರು.

ಗುಳಿಗೆ ಕೊಂಡು ನೇರ ಸ್ಟೇಷನ್ನಿಗೆ ಹೋಗಿ, ಕಲ್ಲಿದ್ದಲಿನ ಹೊಗೆ ಕುಡಿಯುತ್ತ ಪ್ಯಾಸೆಂಜರಿನಲ್ಲಿ ವಾಡಿ ಮುಟ್ಟಿದೆವು. ಅಲ್ಲಿ ಡಾಕ್ಟರ್ ಹೇಳಿದ್ದೇನು, ಅತ್ತೆ ಕೇಳಿಸಿಕೊಂಡಿದ್ದೇನು ಎಂದು ನಾನು ಬಿಡಿಸಿ ಹೇಳಿದ ಮೇಲೆ ಗೆಳತಿಯರಿಬ್ಬರೂ ನಕ್ಕಿದ್ದೇ ನಕ್ಕಿದ್ದು.

"ನೋವು ಹೆಂಗದ ಅತ್ತಿ?" ಎಂದು ಕೇಳಿದೆ.

"ಇದ್ದಲ್ಲೇ ಅದ. ಇವತ್ತು ಅದರ ಮಾತು ಕೇಳ್ಲಿಕ್ಕ ನನಗ ಪುರಸೊತ್ತಿಲ್ಲ."

ಹೊರಡುವಾಗ ಸರೋಜಿನಿ ನನ್ನನ್ನು ಬದಿಗೆ ಕರೆದರು. "ನನಗೂ ಮೈಕೈ ನೋಯ್ಲಿಕತ್ತದವ್ವ. ನಿಮ್ಮ ಡಾಕ್ಟರಿಗೆ ಕೇಳು, ನನ್ನೊಳಗ ಶಾಂತಾಬಾಯಿ ಕಡಿಮಿ ಆಗ್ಯಾಳೇನು!"